ಹುಳುಕು ಹಲ್ಲು ಮತ್ತು ನಾಲ್ಕನೇ ನಾಳ

ಕೆಟ್ಟ ಹಲ್ಲಿಗೆ ನಾವು ಕನ್ನಡದವರು "ಹುಳುಕು ಹಲ್ಲು" ಅಂತೀವಿ. ಆ ಪದದೊಳಗೇ ಒಂದು ಹುಳ ಆರಾಮಾಗಿ ಕೂತಿದೆ ನೋಡಿ! ಇದು ನಮ್ಮೊಬ್ಬರ ಕಲ್ಪನೆ ಅಲ್ಲ. ಸುಶ್ರುತ ಸಂಹಿತೆಯಲ್ಲಿ ಈ ರೋಗದ ಹೆಸರು ಕೃಮಿದಂತಕ. ಬಾಬಿಲೋನಿನ ಜೇಡಿಮಣ್ಣಿನ ಹಲಗೆಯೊಂದರಲ್ಲಿ ಹುಳ ದೇವರ ಹತ್ತಿರ ಹೋಗಿ ತನಗೆ ಹಣ್ಣುಹಂಪಲು ಬೇಡ, ಮನುಷ್ಯನ ಹಲ್ಲು ಒಸಡುಗಳ ನಡುವೆ ಜಾಗ ಕೊಟ್ಟರೆ ಸಾಕು ಅಂತ ಕೇಳಿಕೊಳ್ಳುವ ಕತೆ ಇದೆ. ನಮ್ಮ ತೀರ್ಥಹಳ್ಳಿ ಕಡೆ ನಾನು ಸಣ್ಣವನಿದ್ದಾಗ ಹಲ್ಲುನೋವಿಗೆ ನೆಲಗುಳ್ಳದ ಬೀಜವನ್ನು ಕೆಂಡದ ಮೇಲೆ ಹಾಕಿ, ಬಾಯಿಗೆ ಹೊಗೆ ಹಿಡಿಸುತ್ತಿದ್ದರು. ಹೊಗೆಗೆ ಹುಳ ಉದುರುತ್ತದೆ ಅಂತ ನಂಬಿಕೆ. ಉದುರಿದ್ದನ್ನ ಕಣ್ಣಾರೆ ಕಂಡೆ ಅಂತ ಹೇಳುವ ಅಜ್ಜಿಯಂದಿರೂ ಇದ್ದರು. ಯೂರೋಪಿನಲ್ಲೂ ಇದೇ ಕಸುಬು ಬೇರೆ ಬೀಜ ಇಟ್ಟುಕೊಂಡು ನಡೆಯುತ್ತಿತ್ತು. ಕಾದ ಬೀಜ ಸಿಡಿದಾಗ ಹೊರಬರುವ ಬಿಳಿ ಮೊಳಕೆಯೇ ಹುಳವಾಗಿ ಕಾಣುತ್ತಿತ್ತಂತೆ.

ಇನ್ನೊಂದು ಮಾತು. ಹಲ್ಲಿನ ಬೇರಿನ ನಾಳದಿಂದ ತಿರುಳನ್ನು ಇಡಿಯಾಗಿ ಎಳೆದು ತೆಗೆದರೆ ಅದು ಕೆಂಪು ಮಿಶ್ರಿತ ಬಿಳಿ ದಾರದ ಹಾಗೆ, ತೇಟ್ ಹುಳದ ಹಾಗೇ ಕಾಣುತ್ತದೆ. ಯಾರೋ ಹಳೆಯ ವೈದ್ಯ ಅದನ್ನು ಕಂಡು "ಸಿಕ್ತು ನೋಡಿ ಕಳ್ಳ" ಅಂದಿದ್ದರೆ ನಾನಂತೂ ನಗೋದಿಲ್ಲ.

ಹುಳದ ಕತೆಗೆ ಮೊದಲು ಗಟ್ಟಿಯಾಗಿ ಎದುರು ನಿಂತವರಲ್ಲಿ ಪ್ಯಾರಿಸ್ಸಿನ ಪಿಯರ್ ಫೋಶಾರ್ ಮುಖ್ಯ. 1728ರಲ್ಲಿ ಹಲ್ಲಿನ ವೈದ್ಯದ ಬಗ್ಗೆ ಎರಡು ಸಂಪುಟದ ಪುಸ್ತಕ ಬರೆದ. ಸೂಕ್ಷ್ಮದರ್ಶಕ ಹಿಡಿದು ಹುಡುಕಿದರೂ ತನಗೆ ಹುಳ ಸಿಗಲಿಲ್ಲ ಅಂದ. ಹಲ್ಲಿನ ತಿರುಳಿನ ಕೋಣೆಯನ್ನು ಸೂಜಿಯಿಂದ ತೆರೆದು ಕೀವು ಬಸಿಯುವ ಕ್ರಮವನ್ನೂ ಹೇಳಿಕೊಟ್ಟ. ಅದಕ್ಕೂ ಮೊದಲು ಯಾರೂ ಹಲ್ಲಿನೊಳಗೆ ಇಳಿದಿರಲಿಲ್ಲ ಅಂತಲ್ಲ. ಇಸ್ರೇಲಿನ ನೆಗೆವ್ ಮರುಭೂಮಿಯಲ್ಲಿ ಸಿಕ್ಕ ಸುಮಾರು 2,200 ವರ್ಷ ಹಿಂದಿನ ತಲೆಬುರುಡೆಯೊಂದರ ಮುಂಭಾಗದ ಹಲ್ಲಿನ ನಾಳದಲ್ಲಿ ಎರಡೂವರೆ ಮಿಲಿಮೀಟರ್ ಉದ್ದದ ಕಂಚಿನ ತಂತಿ ಇತ್ತು. ಯಾಕೆ ಹಾಕಿದರು, ಹಾಕಿಸಿಕೊಂಡವನು ಎಷ್ಟು ಕೂಗಿಕೊಂಡ... ಅರಿವಳಿಕೆ ಇಲ್ಲದ ಕಾಲ, ಊಹಿಸಿಕೊಳ್ಳಿ.

ಈಗ ಸ್ವಲ್ಪ ಪಾಠ, ಬೇಜಾರು ಮಾಡ್ಕೋಬೇಡಿ. ಹಲ್ಲಿನ ಹೊರಗಡೆ ಗಟ್ಟಿ ಎನಾಮಲ್, ಒಳಗೆ ಡೆಂಟಿನ್, ಅದರ ನಡುವೆ ಒಂದು ಪುಟ್ಟ ಕೋಣೆ. ಕೋಣೆಯಿಂದ ಒಂದೊಂದು ಬೇರಿನೊಳಗೂ ನಾಳ ಇಳಿದು ಬೇರಿನ ತುದಿಯಲ್ಲಿ ದವಡೆ ಮೂಳೆಗೆ ತೆರೆದುಕೊಳ್ಳುತ್ತದೆ. ನರ, ರಕ್ತನಾಳ ಎಲ್ಲಾ ಓಡಾಡೋದು ಇದರಲ್ಲೇ. ರೂಟ್ ಕೆನಾಲ್ ಅಂದರೆ ಕೊಳೆತ ತಿರುಳನ್ನು ತೆಗೆದು, ನಾಳಗಳನ್ನು ತುದಿಯವರೆಗೆ ಉಜ್ಜಿ ತೊಳೆದು, ಮತ್ತೆ ಕೀಟಾಣು ಹೊಗದ ಹಾಗೆ ತುಂಬಿ ಮುಚ್ಚೋದು. ಅಷ್ಟೇ. ಆದರೆ ಒಂದು ನಾಳ ತಪ್ಪಿಹೋದರೆ ಉಳಿದ ಮೂರನ್ನು ಎಷ್ಟೇ ಚೆನ್ನಾಗಿ ತುಂಬಿದರೂ ಬಾಗಿಲು ಹಾಕಿ ಕಿಟಕಿ ತೆರೆದಿಟ್ಟ ಹಾಗೆ. ಹಾಗಾಗಿ ಈ ಚಿಕಿತ್ಸೆಯ ಇತಿಹಾಸವನ್ನ ನಾನು ಓದೋದು "ಎಷ್ಟು ನಾಳ ಇವೆ?" ಅನ್ನುವ ಒಂದೇ ಪ್ರಶ್ನೆಯ ಇತಿಹಾಸವಾಗಿ.

ಮೊದಮೊದಲು ಆ ಪ್ರಶ್ನೆ ಯಾರಿಗೂ ಬರಲಿಲ್ಲ, ಯಾಕೆಂದರೆ ಒಳಗೆ ಹೋಗುವ ಸಾಧನವೇ ಇರಲಿಲ್ಲ. 1838ರಲ್ಲಿ ಅಮೆರಿಕದ ಎಡ್ವರ್ಡ್ ಮೇನಾರ್ಡ್ ಗಡಿಯಾರದ ಸ್ಪ್ರಿಂಗನ್ನು ಉಜ್ಜಿ ಉಜ್ಜಿ ನಾಳದೊಳಗೆ ಹೋಗುವಷ್ಟು ಸಣ್ಣ ಸಲಾಕೆ ಮಾಡಿಕೊಂಡ. (ಇದೇ ಮಹಾಶಯ ಬಂದೂಕನ್ನೂ ಕಂಡುಹಿಡಿದ, ಅಮೆರಿಕದ ಅಂತರ್ಯುದ್ಧದಲ್ಲಿ ಮೇನಾರ್ಡ್ ಬಂದೂಕು ಅಂತಲೇ ಹೆಸರು. ಒಂದೇ ಕೈಯಲ್ಲಿ ಎರಡು ಕಸುಬು!) 1864ರಲ್ಲಿ ಸ್ಯಾನ್‌ಫರ್ಡ್ ಬಾರ್ನಮ್ ಎಂಜಲು ತಾಗದ ಹಾಗೆ ಹಲ್ಲಿನ ಸುತ್ತ ರಬ್ಬರ್ ಹಾಳೆ ಕಟ್ಟುವುದನ್ನು ತಂದ. ಇವತ್ತಿಗೂ ಅದೇ ಹಾಳೆ.

ತುಂಬಲಿಕ್ಕೆ ಏನು? ಇಲ್ಲಿ ಕತೆ ನಮ್ಮ ಪೂರ್ವಕ್ಕೆ ಬರುತ್ತದೆ. ಮಲಯಾದ ಕಾಡಿನಲ್ಲಿ ಗಟ್ಟಾಪರ್ಚಾ ಅಂತ ಒಂದು ಮರದ ಹಾಲು, ನಮ್ಮ ಸಪೋಟ, ಹಿಪ್ಪೆ, ಬಕುಳ ಇವೆಲ್ಲ ಸೇರಿದ ಕುಟುಂಬದ ಮರ. ಬಿಸಿ ಮಾಡಿದರೆ ಮೆತ್ತಗಾಗಿ ತಣಿದರೆ ಗಟ್ಟಿಯಾಗುವ ಅದರ ಗುಣ ಕಂಡು, ಸಿಂಗಪುರದಲ್ಲಿದ್ದ ಮಾಂಟ್ಗೊಮರಿ ಎಂಬ ವೈದ್ಯ 1843ರಲ್ಲಿ ಲಂಡನ್ನಿಗೆ ಮಾದರಿ ಕಳಿಸಿದ. ಅದನ್ನು ಸಮುದ್ರದಡಿಯ ಟೆಲಿಗ್ರಾಫ್ ತಂತಿಗೆ ಸುತ್ತಿದರು, ಗಾಲ್ಫ್ ಚೆಂಡನ್ನೂ ಮಾಡಿದರು. 1867ರಲ್ಲಿ ಬೋಮನ್ ಅನ್ನುವ ಅಮೆರಿಕನ್ ದಂತವೈದ್ಯ ಹಲ್ಲಿನ ನಾಳಕ್ಕೆ ಅದನ್ನೊಂದನ್ನೇ ತುಂಬಿ ತೋರಿಸಿದ. ನಿಮ್ಮ ಬಾಯಲ್ಲಿ ರೂಟ್ ಕೆನಾಲ್ ಆದ ಹಲ್ಲಿದ್ದರೆ ಬಹುಮಟ್ಟಿಗೆ ಅದರೊಳಗೆ ಈಗಲೂ ಇರೋದು ಆ ಮಲಯಾ ಮರದ ಹಾಲೇ.

1895ರ ನವೆಂಬರಿನಲ್ಲಿ ರಾಂಟ್ಗೆನ್ ಎಕ್ಸ್-ರೇ ಕಂಡುಹಿಡಿದ. ಎರಡೇ ತಿಂಗಳಲ್ಲಿ ಜರ್ಮನಿಯ ಆಟೋ ವಾಲ್ಕಾಫ್ ತನ್ನದೇ ಹಲ್ಲುಗಳ ಚಿತ್ರ ತೆಗೆದ. ಇಪ್ಪತ್ತೈದು ನಿಮಿಷ ಅಲ್ಲಾಡದೆ ಕೂರಬೇಕಾಯಿತು. ಅಮೆರಿಕದ ನ್ಯೂ ಆರ್ಲಿಯನ್ಸಿನಲ್ಲಿ ಎಡ್ಮಂಡ್ ಕೆಲ್ಸ್ ಎಂಬಾತ ಇದನ್ನು ನಿಜವಾದ ಕೆಲಸಕ್ಕೆ ಹಚ್ಚಿದ. ನಾಳದೊಳಗೆ ತಂತಿ ಇಟ್ಟು ಚಿತ್ರ ತೆಗೆದರೆ ತುದಿ ತಲುಪಿದೆಯೋ ಇಲ್ಲವೋ ಗೊತ್ತಾಗುತ್ತದಲ್ಲ? 1899ರ ಹೊತ್ತಿಗೆ ಅವನು ಅದನ್ನು ಮಾಡುತ್ತಿದ್ದ. ಆಗ ಕಿರಣದಿಂದ ಅಪಾಯ ಅಂತ ಹೆಚ್ಚಿನವರಿಗೆ ತಿಳಿದಿರಲಿಲ್ಲ. ರೋಗಿಗಳ ಬಾಯಲ್ಲಿ ಫಿಲ್ಮನ್ನು ತನ್ನ ಬೆರಳಿಂದಲೇ ಹಿಡಿಯುತ್ತಿದ್ದ, ಯಂತ್ರ ಸರಿಯಿದೆಯೇ ಅಂತ ತನ್ನ ಕೈಯನ್ನೇ ಇಟ್ಟು ನೋಡುತ್ತಿದ್ದ. ಕ್ಯಾನ್ಸರ್ ಬೆರಳಿಂದ ಶುರುವಾಯಿತು. ಒಂದಾದ ಮೇಲೊಂದು ಶಸ್ತ್ರಚಿಕಿತ್ಸೆ, ಬೆರಳು ಹೋಯಿತು, ಕೈ ಹೋಯಿತು, ಕೊನೆಗೆ ತೋಳೇ ಹೋಯಿತು. 1928ರಲ್ಲಿ, 71ನೇ ವಯಸ್ಸಿನಲ್ಲಿ, ಗುಂಡು ಹಾರಿಸಿಕೊಂಡು ಸತ್ತ. ಈಗ ಕ್ಲಿನಿಕ್ಕಿನಲ್ಲಿ ಸಹಾಯಕಿ "ಅಲ್ಲಾಡಬೇಡಿ" ಅಂತ ಹೇಳಿ ಹೊರಗೆ ಓಡಿಹೋಗುತ್ತಾಳಲ್ಲ, ಆ ಓಟದ ಹಿಂದೆ ಕೆಲ್ಸ್ ಥರದವರ ಕೈಗಳಿವೆ.

ಕೆಲ್ಸನನ್ನು ಇನ್ನೊಂದು ಕಾರಣಕ್ಕೂ ನೆನೆಯಬೇಕು. ಅದಕ್ಕೆ ಮುಂಚೆ ಜ್ಯೂರಿಕ್ಕಿಗೆ ಹೋಗಿಬರೋಣ.

ಜ್ಯೂರಿಕ್ಕಿನ ವಾಲ್ಟರ್ ಹೆಸ್ ಮಾಡಿದ ಕೆಲಸ ನನಗೆ ಎಲ್ಲಕ್ಕಿಂತ ಇಷ್ಟ. ಕಿತ್ತ ಹಲ್ಲುಗಳನ್ನು ಒಟ್ಟುಮಾಡಿ, ಸುಮಾರು 2,800, ಅವುಗಳ ನಾಳಗಳೊಳಗೆ ರಬ್ಬರನ್ನು ಒತ್ತಿ ತುಂಬಿ, ಕಾಯಿಸಿ ಗಟ್ಟಿ ಮಾಡಿ, ಆಮೇಲೆ ಹಲ್ಲನ್ನೇ ಆಮ್ಲದಲ್ಲಿ ಕರಗಿಸಿಬಿಟ್ಟ. ಉಳಿದಿದ್ದು ನಾಳದ ಅಚ್ಚು ಮಾತ್ರ. ಎರಕ ಹೊಯ್ಯುವವರು ಮೇಣ ಕರಗಿಸುತ್ತಾರಲ್ಲ, ಅದರ ತಿರುಗಾಮುರುಗ. 1917ರಲ್ಲಿ ಜರ್ಮನ್ ಭಾಷೆಯಲ್ಲಿ, 1925ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾಯಿತು. ಆ ಚಿತ್ರಗಳನ್ನು ನೋಡಬೇಕು ನೀವು! ಪಠ್ಯದಲ್ಲಿ ನಾಳ ಅಂದರೆ ನೆಟ್ಟಗಿನ ಕೊಳವೆ. ಹೆಸ್‌ನ ಅಚ್ಚಿನಲ್ಲಿ ನಾಳ ಅಂದರೆ ಹವಳದ ಕೊಂಬೆ, ಆಲದ ಬಿಳಲು, ನದಿಮುಖ. ಒಂದು ನಾಳ ನಡುವೆ ಎರಡಾಗಿ ಮತ್ತೆ ಸೇರುತ್ತದೆ. ಎರಡು ನಾಳಗಳ ನಡುವೆ ತೆಳ್ಳಗಿನ ಪರದೆಯಂಥ ಸಂದು. ಪಕ್ಕದಿಂದ ಕೂದಲೆಳೆಯಂಥ ಕವಲು. ತುದಿಯಲ್ಲಿ ಒಂದು ಬಾಯಿ ಇರಬೇಕಾದಲ್ಲಿ ನಾಲ್ಕಾರು.

ಆದರೆ ಇದು ಪ್ರಕಟವಾದ ಕಾಲ ಕೆಟ್ಟದಾಗಿತ್ತು. 1910ರಲ್ಲಿ ಲಂಡನ್ನಿನ ವೈದ್ಯ ವಿಲಿಯಂ ಹಂಟರ್ ಕೆನಡಾದ ಮಾಂಟ್ರಿಯಲ್‌ಗೆ ಹೋಗಿ ಒಂದು ಭಾಷಣ ಮಾಡಿದ್ದ. ಕೊಳೆತ ಬೇರುಗಳ ಮೇಲೆ ಚಿನ್ನದ ಟೋಪಿ ಹಾಕಿ ಮುಚ್ಚಿಡುತ್ತಾರೆ, ಅಲ್ಲಿಂದ ವಿಷ ಇಡೀ ಮೈಗೆ ಹರಡುತ್ತದೆ ಅನ್ನೋದು ಅವನ ಆರೋಪ. ಬಹಳ ಕೆಟ್ಟ ಕೆಲಸ ನಡೆಯುತ್ತಿತ್ತು, ಅದು ಸುಳ್ಳಲ್ಲ. ಆದರೆ ಅಲ್ಲಿಂದ ಹೊರಟ ಗಾಳಿ ಎಲ್ಲಿಗೆ ಹೋಯಿತು ಗೊತ್ತಾ? ಕೀಲುನೋವೇ, ಹಲ್ಲು ಕೀಳಿ. ಹೃದಯದ ತೊಂದರೆಯೇ, ಹಲ್ಲು ಕೀಳಿ. ನ್ಯೂಜೆರ್ಸಿಯ ಟ್ರೆಂಟನ್ ಮಾನಸಿಕ ಆಸ್ಪತ್ರೆಯ ಮುಖ್ಯಸ್ಥ ಹೆನ್ರಿ ಕಾಟನ್ ಹುಚ್ಚು ಬಿಡಿಸಲಿಕ್ಕೆ ರೋಗಿಗಳ ಹಲ್ಲು ಕೀಳಿಸಿದ, ಆಮೇಲೆ ಟಾನ್ಸಿಲ್, ಆಮೇಲೆ ಕರುಳಿನ ತುಂಡು. ತನ್ನ ಸ್ವಂತ ಮಕ್ಕಳ ಹಲ್ಲನ್ನೂ ಬಿಡಲಿಲ್ಲ. ಹೆಸ್‌ನ ಹವಳದ ಕೊಂಬೆಗಳು ಈ ಗುಂಪಿಗೆ ಒಳ್ಳೆಯ ಸಾಕ್ಷಿಯಾದವು ಅಂತಲೇ ನನಗನಿಸುತ್ತದೆ: ಇಂಥ ಜಾಲವನ್ನು ಯಾರಪ್ಪ ಶುಚಿ ಮಾಡೋಕಾಗುತ್ತೆ, ಕಿತ್ತು ಬಿಸಾಡಿ! ಎಕ್ಸ್-ರೇಯಲ್ಲಿ ಬೇರಿನ ತುದಿಗೆ ಒಂದು ಕಪ್ಪು ಚುಕ್ಕೆ ಕಂಡರೆ ಸಾಕು, ಇಕ್ಕಳ ತಯಾರು.

ಆಗ ಎದ್ದು ನಿಂತವನು ನಮ್ಮ ಕೆಲ್ಸ್. 1920ರಲ್ಲಿ, ತಾನೇ ಹಲ್ಲಿಗೆ ತಂದ ಎಕ್ಸ್-ರೇಯ ಹೆಸರಿನಲ್ಲಿ ಒಳ್ಳೆಯ ಹಲ್ಲುಗಳನ್ನು ಕೀಳುವುದು ಅಪರಾಧ, ವೈದ್ಯರು ಹೇಳಿದರೂ ದಂತವೈದ್ಯರು ಒಪ್ಪಬಾರದು ಅಂತ ತನ್ನವರೆದುರೇ ಹೇಳಿದ. ಯಾವ ಯಂತ್ರಕ್ಕೆ ಕೈ ಕೊಟ್ಟನೋ ಅದರ ದುರುಪಯೋಗದ ವಿರುದ್ಧ ಮಾತಾಡಲು ಅವನಷ್ಟು ಹಕ್ಕು ಇನ್ಯಾರಿಗಿತ್ತು ಹೇಳಿ. ಗಾಳಿ ತಣಿಯಲು ಇನ್ನೂ ಎರಡು ದಶಕ ಬೇಕಾಯಿತು. 1938ರಲ್ಲಿ ಸೆಸಿಲ್ ಮತ್ತು ಆಂಜೆವಿನ್ ಎಂಬ ವೈದ್ಯರು 200 ಕೀಲುವಾತದ ರೋಗಿಗಳನ್ನು ಗಮನಿಸಿ, ಹಲ್ಲು ಟಾನ್ಸಿಲ್ ತೆಗೆದದ್ದರಿಂದ ಉಪಯೋಗ ಆಗಲಿಲ್ಲ ಅಂತ ಬರೆದರು. ಅವರಲ್ಲಿ ಸೆಸಿಲ್ ಮೊದಲು ಕೀಳುವ ಪಕ್ಷದವನೇ! 1943ರಲ್ಲಿ ಷಿಕಾಗೋದಲ್ಲಿ ರೂಟ್ ಕೆನಾಲ್ ಮಾಡುವವರ ಅಮೆರಿಕನ್ ಸಂಘ ಹುಟ್ಟಿತು, 1963ರಲ್ಲಿ ಅದು ಪ್ರತ್ಯೇಕ ತಜ್ಞ ವಿಭಾಗ ಅನ್ನಿಸಿಕೊಂಡಿತು.

ನಮ್ಮಲ್ಲಿ? ಕಲ್ಕತ್ತೆಯಲ್ಲಿ ರಫೀಉದ್ದೀನ್ ಅಹಮದ್ 1920ರಲ್ಲಿ ಮೊದಲ ದಂತ ಕಾಲೇಜು ತೆರೆದರು. ಮುಂಬಯಿಯ ನಾಯರ್ 1933ರಲ್ಲಿ, ನಮ್ಮ ಮದರಾಸಿನದು 1953ರಲ್ಲಿ, ಬೆಂಗಳೂರಿನ ಸರ್ಕಾರಿ ಕಾಲೇಜು 1958ರಲ್ಲಿ, ಮಣಿಪಾಲದ್ದು 1965ರಲ್ಲಿ. ನಮ್ಮೂರಿನಂಥ ಊರುಗಳಿಗೆ ಇದ್ಯಾವುದೂ ಬೇಗ ತಲುಪಲಿಲ್ಲ. ನಮ್ಮಪ್ಪನ ಕಾಲದವರಿಗೆ ಹಲ್ಲಿನ ಡಾಕ್ಟರು ಅಂದರೆ ಕೀಳುವವರು. ಐವತ್ತಕ್ಕೆ ಬೊಚ್ಚುಬಾಯಿ, ಲೋಟದಲ್ಲಿ ನೀರು, ನೀರಲ್ಲಿ ಸೆಟ್ಟು. ಅಪ್ಪ ಹೋಳಿಗೆಯನ್ನು ಹಾಲಲ್ಲಿ ನೆನೆಸಿ ತಿನ್ನುತ್ತಿದ್ದುದು ಇಷ್ಟಕ್ಕಲ್ಲ, ಬೇರೆ ದಾರಿ ಇಲ್ಲದೆ.

ಈಗ "ವಿಚಿತ್ರ" ಹಲ್ಲುಗಳ ವಿಷಯಕ್ಕೆ ಬರೋಣ.

ಕೆಳದವಡೆಯ ಮೊದಲ ದವಡೆ ಹಲ್ಲಿಗೆ ಎರಡು ಬೇರು ಅಂತ ಪುಸ್ತಕ ಹೇಳುತ್ತದೆ. ವಿಯೆನ್ನಾದ ಗಿಯಾರ್ಗ್ ಕಾರಾಬೆಲ್ಲಿ ಮೂರು ಬೇರಿನದನ್ನು ಕಂಡು ದಾಖಲಿಸಿದ. ನಾಲಿಗೆಯ ಕಡೆಗೆ ಒಂದು ಪುಟ್ಟ, ಬಾಗಿದ, ಹೆಚ್ಚಿನ ಬೇರು. ನೇರವಾಗಿ ಎಕ್ಸ್-ರೇ ತೆಗೆದರೆ ಅದು ದೊಡ್ಡ ಬೇರಿನ ಹಿಂದೆ ಅಡಗಿಬಿಡುತ್ತದೆ, ಕಂಬದ ಹಿಂದೆ ನಿಂತ ಮಗುವಿನ ಹಾಗೆ. ಸ್ವಲ್ಪ ಓರೆಯಾಗಿ ಇನ್ನೊಂದು ಚಿತ್ರ ತೆಗೆದರೆ ಮಾತ್ರ ಸಿಕ್ಕಿಬೀಳುತ್ತದೆ. ಯೂರೋಪಿನವರಿಗೆ ಇದು ಅಪರೂಪದ ವಿಕಾರ. ಆದರೆ ಚೀನಾದಲ್ಲೂ ಅಮೆರಿಕದ ಮೂಲನಿವಾಸಿಗಳಲ್ಲೂ ಕೆಲವು ಕಡೆ ಇದರ ಪ್ರಮಾಣ 40% ದಾಟುತ್ತದೆ! 1971ರಲ್ಲಿ ಕ್ರಿಸ್ಟಿ ಟರ್ನರ್ ಎಂಬ ಮಾನವಶಾಸ್ತ್ರಜ್ಞ ಇದೇ ಮೂರನೇ ಬೇರನ್ನು ಹಿಡಿದುಕೊಂಡು ಅಮೆರಿಕದ ಮೂಲನಿವಾಸಿಗಳು ಏಷ್ಯಾದಿಂದ ಹೇಗೆ ಹೋದರು ಅನ್ನುವ ಚರ್ಚೆ ಮಾಡಿದ.

ಅದಕ್ಕಿಂತ ಸ್ವಾರಸ್ಯ ಮುಂದಿದೆ. ಟಿಬೆಟ್ ಪ್ರಸ್ಥಭೂಮಿಯ ಅಂಚಿನ ಶಿಯಾಹೆ ಎಂಬಲ್ಲಿ 1980ರಲ್ಲಿ ಬೌದ್ಧ ಭಿಕ್ಷುವೊಬ್ಬರಿಗೆ ಗುಹೆಯಲ್ಲಿ ಅರ್ಧ ದವಡೆ ಸಿಕ್ಕಿತು. 2019ರಲ್ಲಿ ಅದು ಕನಿಷ್ಠ 1,60,000 ವರ್ಷ ಹಳೆಯದು, ಡೆನಿಸೋವನ್ ಎಂಬ ಅಳಿದ ಮಾನವ ಜಾತಿಯದು ಅಂತ ತಿಳಿಯಿತು. ಆ ದವಡೆಯ ಹಲ್ಲಿಗೂ ಮೂರು ಬೇರು. ಹಾಗಾದರೆ ಏಷ್ಯಾದವರಿಗೆ ಮೂರನೇ ಬೇರು ಅವರಿಂದಲೇ ಬಂತೇ? ಅದೇ ವರ್ಷ ಒಂದು ತಂಡ ಹೌದು ಅಂದಿತು, ಮರುವರ್ಷ ಇನ್ನೊಂದು ತಂಡ ಆ ಬೇರೇ ಬೇರೆ, ಈ ಬೇರೇ ಬೇರೆ ಅಂತ ತಕರಾರು ತೆಗೆಯಿತು. (ಕನ್ನಡದಲ್ಲಿ ಮಾತ್ರ ಈ ವಾಕ್ಯ ಇಷ್ಟು ಚೆನ್ನಾಗಿ ಬರುತ್ತದೆ.)

ಹೀಗೇ ಇನ್ನೊಂದು. ಕೆಲವು ಹಲ್ಲುಗಳಲ್ಲಿ ತಿರುಳಿನ ಕೋಣೆ ಬಾವಿಯ ಹಾಗೆ ಆಳ, ಬೇರುಗಳು ಗಿಡ್ಡ. 1913ರಲ್ಲಿ ಆರ್ಥರ್ ಕೀತ್ ಇದಕ್ಕೆ "ಗೂಳಿ ಹಲ್ಲು" ಅನ್ನುವ ಅರ್ಥದ ಟಾರೊಡಾಂಟ್ ಎಂಬ ಹೆಸರಿಟ್ಟ. ಕ್ರೊಯೇಷಿಯಾದ ಕ್ರಾಪಿನಾದಲ್ಲಿ 1899ರಿಂದ ಸಿಕ್ಕ ನಿಯಾಂಡರ್ಥಾಲ್ ಹಲ್ಲುಗಳಲ್ಲಿ ಇದು ತುಂಬಾ ಇತ್ತು. ಈಗಿನವರಲ್ಲೂ ಅಲ್ಲೊಬ್ಬರು ಇಲ್ಲೊಬ್ಬರಿಗೆ ಇರುತ್ತದೆ, ವೈದ್ಯರು ಬಾವಿಯ ತಳದಲ್ಲಿ ನಾಳದ ಬಾಯಿ ಹುಡುಕಬೇಕು. ಇಂಗ್ಲಿಷಿನ ಸಿ ಅಕ್ಷರದ ಹಾಗೆ ಬಾಗಿ ಒಂದೇ ಸೀಳಾಗಿರುವ ನಾಳವನ್ನು ಕುಕ್ ಮತ್ತು ಕಾಕ್ಸ್ 1979ರಲ್ಲಿ ವರದಿ ಮಾಡಿದಾಗ ಅದೂ ಒಂದು ವಿಚಿತ್ರ. ಪೂರ್ವ ಏಷ್ಯಾದವರ ಕೆಳಗಿನ ಎರಡನೇ ದವಡೆ ಹಲ್ಲಿನಲ್ಲಿ ಅದು ಮೂರಕ್ಕೊಂದರ ಆಸುಪಾಸು ಅಂತ ಆಮೇಲೆ ಗೊತ್ತಾಯಿತು. ಹಲ್ಲಿನೊಳಗೆ ಇನ್ನೊಂದು ಹಲ್ಲು ಮಡಚಿಕೊಂಡಂತೆ ಇರುವುದನ್ನು ಮೂರು ಬಗೆಯಾಗಿ ವಿಂಗಡಿಸಿ, ಇಂದಿಗೂ ಎಲ್ಲರೂ ಬಳಸುವ ಪಟ್ಟಿ ಕೊಟ್ಟವರು 1957ರಲ್ಲಿ ಸಿಂಗಪುರದ ಓಲರ್ಸ್.

ನನ್ನ ಅನುಮಾನ ಇಷ್ಟೇ: ಈ ಹಲ್ಲುಗಳು ಯಾರಿಗೆ ವಿಚಿತ್ರ? ಪುಸ್ತಕ ಬರೆದವರ ಬಾಯಲ್ಲಿ ಇಲ್ಲದ್ದೆಲ್ಲ ವಿಚಿತ್ರ ಅನ್ನಿಸಿಕೊಂಡಿತು. ಸರಿ, ಅವರ ಬಾಯಲ್ಲೇ ಇದ್ದದ್ದಾದರೂ ಅವರಿಗೆ ಕಂಡಿತ್ತೇ? ಅದೂ ಇಲ್ಲ.

ಮೇಲಿನ ಮೊದಲ ದವಡೆ ಹಲ್ಲಿಗೆ ಮೂರು ಬೇರು, ಮೂರು ನಾಳ ಅಂತ ತಲೆಮಾರುಗಟ್ಟಲೆ ಕಲಿಸಿದರು. 1969ರಲ್ಲಿ ಫ್ರಾಂಕ್ಲಿನ್ ವೈನ್ ಮತ್ತು ಸಂಗಡಿಗರು 208 ಹಲ್ಲುಗಳ ಕೆನ್ನೆಕಡೆಯ ಮುಂದಿನ ಬೇರನ್ನು ಸೀಳಿ ನೋಡಿದರು. ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ ಆ ಒಂದೇ ಬೇರಿನಲ್ಲಿ ಎರಡು ನಾಳ! ದಂತವೈದ್ಯರ ಪರಿಭಾಷೆಯಲ್ಲಿ ಇದಕ್ಕೆ ಎಂಬಿ-ಟು. 1980ರ ದಶಕದಿಂದ ಹಲ್ಲಿನ ಕುರ್ಚಿಯ ಪಕ್ಕಕ್ಕೆ ಆಪರೇಷನ್ ಮೈಕ್ರೋಸ್ಕೋಪು ಬಂತು. 1999ರಲ್ಲಿ ಜಾನ್ ಸ್ಟ್ರಾಪ್ಕೊ ತಾನು ಎಂಟು ವರ್ಷದಲ್ಲಿ ಚಿಕಿತ್ಸೆ ಮಾಡಿದ ಹಲ್ಲುಗಳ ಲೆಕ್ಕ ಕೊಟ್ಟ. ಮೊದಲ ದವಡೆ ಹಲ್ಲಿನಲ್ಲಿ ಒಟ್ಟಾರೆ 73%ರಲ್ಲಿ ಆ ನಾಲ್ಕನೇ ನಾಳ ಸಿಕ್ಕಿತ್ತು, ಮೈಕ್ರೋಸ್ಕೋಪು ಮತ್ತು ಸಾಕಷ್ಟು ಸಮಯ ಎರಡೂ ಇಟ್ಟುಕೊಂಡ ಮೇಲೆ 93%. ಅಂದರೆ ವಿಚಿತ್ರ ಅಂತ ಕರೆದದ್ದೇ ಸಾಮಾನ್ಯ, ಮೂರೇ ನಾಳ ಇರೋದು ವಿಚಿತ್ರ!

ಇದು ನಮ್ಮ ಮನೆಯೊಳಗೂ ಬಂದ ವಿಷಯ. 2011ರಲ್ಲಿ ನನ್ನ ಹೆಂಡತಿಯ ಮೇಲಿನ ಎಡಗಡೆ ದವಡೆ ಹಲ್ಲಿಗೆ ಇಲ್ಲೇ ಚೆನ್ನೈನ ಒಂದು ಕ್ಲಿನಿಕ್ಕಿನಲ್ಲಿ ರೂಟ್ ಕೆನಾಲ್ ಆಯಿತು, ಟೋಪಿ ಬಿತ್ತು, ಬಿಲ್ಲೂ ಬಿತ್ತು. ನೋವು ಮಾತ್ರ ಹೋಗಲಿಲ್ಲ. ದೊಡ್ಡ ನೋವಲ್ಲ, ಕಚ್ಚಿದರೆ ಒಂದು ಮೆಲ್ಲಗಿನ ಚುಚ್ಚು, ಎರಡು ತಿಂಗಳಿಗೊಮ್ಮೆ ಒಸಡಿನಲ್ಲಿ ಒಂದು ಗುಳ್ಳೆ. "ಎಲ್ಲಾ ಸರಿಯಾಗಿದೆ, ನಿಮಗೇ ಹಾಗನಿಸುತ್ತೆ" ಅಂತ ಮೂರು ವರ್ಷ ಕೇಳಿಸಿಕೊಂಡಳು. "ರೀ, ನೋವು ನನ್ನ ಹಲ್ಲಲ್ಲಿದೆಯೋ ತಲೇಲಿದೆಯೋ ನನಗೆ ಗೊತ್ತಾಗಲ್ವಾ?" ಅಂತ ಅವಳ ಸಿಟ್ಟು. ಕೊನೆಗೆ ಅದೇ ಕ್ಲಿನಿಕ್ಕಿನವರು ಕಿತ್ತು ಇಂಪ್ಲಾಂಟ್ ಹಾಕೋಣ ಅಂದರು. ಹಂಟರನ ಗಾಳಿ ನೂರು ವರ್ಷ ದಾಟಿ ಹೊಸ ಅಂಗಿ ತೊಟ್ಟು ಬಂದಿತ್ತು.

ಎರಡನೇ ಅಭಿಪ್ರಾಯಕ್ಕೆ ಹೋದ ಕಡೆ ಒಬ್ಬ ಯುವ ವೈದ್ಯೆ. ಮೈಕ್ರೋಸ್ಕೋಪಿನ ಕೆಳಗೆ ಟೋಪಿ ತೆಗೆದು, ಹಳೇ ಗಟ್ಟಾಪರ್ಚಾ ತೆಗೆದು, ಮುಕ್ಕಾಲು ಗಂಟೆ ಹುಡುಕಿದರು. ಕೋಣೆಯ ತಳದಲ್ಲಿ ಡೆಂಟಿನ್ನಿನ ಒಂದು ಸಣ್ಣ ಚಾಚು, ಅದನ್ನು ನವಿರಾಗಿ ಕೊರೆದಾಗ ಅಡಿಯಲ್ಲಿ ಸೂಜಿಮೊನೆಯಷ್ಟು ಬಾಯಿ. "ಅಮ್ಮಾ, ಇದೋ ಇಲ್ಲಿದೆ" ಅಂತ ತಮಿಳಿನಲ್ಲಿ ಹೇಳಿ ಪರದೆಯ ಮೇಲೆ ನನ್ನನ್ನೂ ಕರೆದು ತೋರಿಸಿದರು. ಒಳಗಿನದನ್ನು ಮೂರು ವರ್ಷ ಯಾರೂ ಮುಟ್ಟಿರಲಿಲ್ಲ. ತೊಳೆದು ತುಂಬಿದರು. ಆ ಹಲ್ಲು ಈಗಲೂ ಇದೆ, ಚಕ್ಕುಲಿ ಮುರಿಯೋದು ಅದೇ ಕಡೆಯಿಂದ.

ಆ ಡಾಕ್ಟರಮ್ಮ ಹೇಳಿದ್ದರಿಂದಲೇ ನಾನು ಇದನ್ನೆಲ್ಲ ಓದೋಕೆ ಶುರುಮಾಡಿದ್ದು. ನಾಲ್ಕಕ್ಕೇ ಆಶ್ಚರ್ಯ ಪಡಬೇಡಿ ಸಾರ್ ಅಂದರು. ಹೌದು, ಇದೇ ಚೆನ್ನೈನ ಮೀನಾಕ್ಷಿ ಅಮ್ಮಾಳ್ ದಂತ ಕಾಲೇಜಿನ ವೈದ್ಯರು 2011ರಲ್ಲಿ ಒಂದು ಮೇಲ್ದವಡೆ ಹಲ್ಲಿನಲ್ಲಿ ಎಂಟು ನಾಳ ಕಂಡು, ಎಂಟನ್ನೂ ತುಂಬಿ ಅಂತರರಾಷ್ಟ್ರೀಯ ಪತ್ರಿಕೆಯಲ್ಲಿ ಪ್ರಕಟಿಸಿದ್ದಾರೆ. ಮೂರು ಆಯಾಮದಲ್ಲಿ ಹಲ್ಲನ್ನು ಹೋಳುಹೋಳಾಗಿ ತೋರಿಸುವ ಕೋನ್ ಬೀಮ್ ಸ್ಕ್ಯಾನಿನಿಂದ ಅದು ಸಾಧ್ಯವಾಯಿತು. ಹೆಸ್ ಹಲ್ಲನ್ನು ಕರಗಿಸಿ ಕಂಡದ್ದನ್ನು ಈ ಯಂತ್ರ ಹಲ್ಲು ಬಾಯಲ್ಲೇ ಇರುವಾಗ ಬಹುಪಾಲು ತೋರಿಸುತ್ತದೆ. ಬಾಗಿದ ನಾಳದಲ್ಲಿ ಮುರಿಯದೆ ಬಳುಕುವ ನಿಕ್ಕೆಲ್-ಟೈಟೇನಿಯಂ ಸಲಾಕೆ 1988ರಲ್ಲೇ ಹರ್ಮೀತ್ ವಾಲಿಯಾ ಮತ್ತು ಸಂಗಡಿಗರ ಪ್ರಯೋಗದಿಂದ ಶುರುವಾಗಿತ್ತು. ಗಡಿಯಾರದ ಸ್ಪ್ರಿಂಗಿನಿಂದ ಅಲ್ಲಿಗೆ ಸರಿಯಾಗಿ ನೂರೈವತ್ತು ವರ್ಷ.

ಎಲ್ಲರಿಗೂ ಸ್ಕ್ಯಾನ್ ಬೇಕಿಲ್ಲ, ಅದಕ್ಕೂ ಕಿರಣ ಉಂಟು, ಖರ್ಚೂ ಉಂಟು. ಆದರೆ ರೂಟ್ ಕೆನಾಲ್ ಮಾಡಿಸಿಕೊಳ್ಳುವವರು ಮೊದಲೇ ಎರಡು ಮಾತು ಕೇಳಬಹುದು: ಓರೆಯಾಗಿ ಇನ್ನೊಂದು ಎಕ್ಸ್-ರೇ ತೆಗೆದಿರಾ, ಎಷ್ಟು ನಾಳ ಸಿಕ್ಕವು? ಸಿಕ್ಕ ಸಂಖ್ಯೆಯನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ನಮ್ಮ ಮನೆಯ ಫೈಲಿನಲ್ಲಿ ಆ ಎರಡನೇ ವೈದ್ಯೆಯ ಚೀಟಿ ಇನ್ನೂ ಇದೆ, ಹಲ್ಲಿನ ನಂಬರಿನ ಮುಂದೆ ದಪ್ಪಗೆ ಒಂದು 4 ಬರೆದು ಸುತ್ತ ವೃತ್ತ ಎಳೆದಿದ್ದಾರೆ.